ದೇವರ ಗೂಡಿನ ವಿಮೆ ಲಕೋಟೆ

ಬೊಂಬೆ ಕಡೆಯುವ ಸಿದ್ದಣ್ಣನ ಬಲಗೈ ಲೇತ್ ಯಂತ್ರಕ್ಕೆ ಸಿಕ್ಕಾಗಿನ ಕೂಗು ನನ್ನ ಕಿವಿಯಲ್ಲಿ ಇನ್ನೂ ಇದೆ. ಚನ್ನಪಟ್ಟಣದ ಆಸ್ಪತ್ರೆಗೆ ಸಾಗಿಸಿದ್ದು ಪಕ್ಕದ ಮನೆಯ ನಾನೇ. ಮರುದಿನ ಅವರ ಹೆಂಡತಿ ಜಯಕ್ಕ ದೇವರ ಗೂಡಿನಿಂದ ವಿಮೆಯ ಲಕೋಟೆ ತಂದುಕೊಟ್ಟರು. ಮೇಲೆ ಅರಿಸಿನ ಕುಂಕುಮವಿತ್ತು, ಅಂಟು ಬಿಚ್ಚಿರಲಿಲ್ಲ.

"ಕಷ್ಟ ಬಂದಾಗ್ಲೇ ಒಡೀರಿ ಅಂದಿದ್ದ ಕಣಪ್ಪ ಏಜೆಂಟು. ಕೈಕಾಲಿಗೆ ಏಟಾದ್ರೆ ದುಡ್ಡು ಬತ್ತದಂತೆ, ಒಸಿ ನೋಡು."

ಒಳಗಿದ್ದುದು ಷೇರುಪೇಟೆಗೆ ಹಣ ಹಾಕುವ ಪಾಲಿಸಿ. ಅಪಘಾತಕ್ಕೆ ಏನೂ ಇರಲಿಲ್ಲ. ಬೇಡವಾದರೆ ಹದಿನೈದು ದಿನದೊಳಗೆ ಹಿಂದಿರುಗಿಸಬಹುದೆಂಬ ಪತ್ರವೂ ಇತ್ತು. ಅದು ಬಂದು ವರ್ಷವಾಗಿತ್ತು.

"ಹಂಗಾರೆ ಒಡೀದೇ ಮಡಗಿದ್ದು ನಮ್ದೇ ತಪ್ಪಾ?" ಎಂದರು ಜಯಕ್ಕ.

ಅಲ್ಲವೆಂದು ಹೇಳಿ ಗ್ರಾಹಕರ ವೇದಿಕೆಗೆ ದೂರು ಬರೆದೆ. ಪಾಲಿಸಿಯ ಅರ್ಜಿಗೆ ತಾವೇ ಸಹಿ ಹಾಕಿದ್ದ ಸಿದ್ದಣ್ಣ, ಈ ದೂರಿಗೆ ಎಡಗೈ ಹೆಬ್ಬೆಟ್ಟು ಒತ್ತಿದರು.