ತಿರುಗಿ ಹೇಳುವವರು

ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ದರ್ಜಿ, ಹೃದಯದ ಪರೀಕ್ಷೆಗೆಂದು, ಆಸ್ಪತ್ರೆಯ ಟ್ರೆಡ್‌ಮಿಲ್ ಮೇಲೆ ನಡೆಯುತ್ತಿದ್ದರು. ತಿಂಗಳಿಂದ ಮೆಟ್ಟಿಲು ಹತ್ತಿದರೆ ಎದೆ ಹಿಡಿಯುತ್ತಿತ್ತು. ಎದೆಗಂಟಿಸಿದ ತಂತಿಗಳು ಹೃದಯದ ಬಡಿತವನ್ನು ಪರದೆಯ ಮೇಲೆ ಬರೆಯುತ್ತಿದ್ದವು. ಮೂರು ನಿಮಿಷಕ್ಕೊಮ್ಮೆ ಯಂತ್ರದ ವೇಗವೂ ಏರೂ ಹೆಚ್ಚುತ್ತಿದ್ದವು. ಆಗೆಲ್ಲ ತಂತ್ರಜ್ಞೆ ಸುಸ್ತೆಷ್ಟು ಎಂದು ಕೇಳುತ್ತಿದ್ದಳು. ಉತ್ತರ ಅಂಕಿಯಲ್ಲಿ: ಆರು ಎಂದರೆ ಸುಸ್ತೇ ಇಲ್ಲ, ಇಪ್ಪತ್ತೆಂದರೆ ಇನ್ನೊಂದು ಹೆಜ್ಜೆಯೂ ಆಗದು.

“ಈಗೆಷ್ಟು, ಯಜಮಾನ್ರೇ?”

“ಹನ್ನೊಂದು,” ಎಂದು ಹೇಳಿ ಅವರು ಅಭ್ಯಾಸದಂತೆ ಕಾದರು. ಯಾರೂ ತಿರುಗಿ ಹೇಳಲಿಲ್ಲ.

ಅಂಗಡಿಯಲ್ಲಿ ಅವರು ಅಳತೆ ಕೂಗಿದರೆ ಹೆಂಡತಿ ತಿರುಗಿ ಹೇಳಿ ಬರೆದುಕೊಳ್ಳುತ್ತಿದ್ದರು. ದಪ್ಪಗಿನ ಗಿರಾಕಿಗೆ ಬೇಜಾರಾಗದಿರಲೆಂದು ದರ್ಜಿ ಸೊಂಟವನ್ನು ಎರಡಿಂಚು ಇಳಿಸಿ ಕೂಗುವರು. ಆಕೆ ಅದನ್ನೇ ಗಟ್ಟಿಯಾಗಿ ಹೇಳಿ, ಎರಡಿಂಚು ಸೇರಿಸಿ ಬರೆಯುವರು. ಮೂವತ್ತೆಂಟು ವರ್ಷದಲ್ಲಿ ಒಂದು ಬಟ್ಟೆಯೂ ಬಿಗಿಯಾಗಲಿಲ್ಲ. ಆಕೆ ತೀರಿಕೊಂಡು ಈಗ ಎರಡು ವರ್ಷ.

“ಬೆವರು ಧಾರಾಕಾರ, ಹೇಳೋದು ಮಾತ್ರ ಹನ್ನೊಂದು!” ಎಂದಳು ತಂತ್ರಜ್ಞೆ. “ನನಗೆ ಬೇಜಾರಾಗುತ್ತೆ ಅಂತಾನಾ? ನೀವು ಹೇಳಿದ್ದನ್ನೇ ನಾನು ಬರ್ಕೊಳ್ಳೋದು, ನೋಡಿ.”

ದರ್ಜಿ ಕಂಬಿಯನ್ನು ಗಟ್ಟಿಯಾಗಿ ಹಿಡಿದುಕೊಂಡರು. ನಿಜದ ಅಂಕಿಯನ್ನು ಇನ್ನು ತಾವೇ ಹೇಳಬೇಕಿತ್ತು.

“ಎದೆ ಬಿಗೀತಿದೆ ಕಣಮ್ಮಾ,” ಎಂದರು. “ಹದಿನೇಳು.”