ಸುಂದರಿ ಬೈಯದ ದಿನ

ಬೋವಿಕಾನದ ಪೇಟೆಯಲ್ಲಿ ಹೊನ್ನಯ್ಯ ದರ್ಜಿಗೆ ಮದುವೆಗೆಂದು ಕೊಟ್ಟ ರವಿಕೆ ಸೀಮಂತದ ಹೊತ್ತಿಗೆ ಕೈಗೆ ಸಿಗುತ್ತದೆ ಎಂದು ಹೆಂಗಸರು ಆಡಿಕೊಳ್ಳುತ್ತಿದ್ದರು. ಅದು ಅತಿಯಾದ ಮಾತು. ಹಾಗೆ ಆದದ್ದು ಒಬ್ಬಿಬ್ಬರಿಗೆ ಮಾತ್ರ. ಹೊನ್ನಯ್ಯ ಸೋಮಾರಿಯಲ್ಲ, ಅವಸರ ಎಂಬುದು ಅವನ ಮೈಯಲ್ಲಿ ಇರಲಿಲ್ಲ, ಅಷ್ಟೆ. ಕಣ್ಣೆದುರೇ ಬಸ್ಸು ಹೊರಟರೂ ಓಡಿದವನಲ್ಲ. ಇನ್ನೊಂದು ಬಂದೇ ಬರುತ್ತದೆ ಎಂದು ಕಟ್ಟೆಯ ಮೇಲೆ ಕೂತು ಬೀಡಿ ಹಚ್ಚುತ್ತಿದ್ದ. ತೆಂಗಿನಮರ ಬಿಡಿ, ಮನೆಯ ಅಟ್ಟಕ್ಕೆ ಹತ್ತಬೇಕೆಂದರೂ ಅವನಿಗೆ ತಲೆ ತಿರುಗುತ್ತಿತ್ತು.

ಅವನ ಪಾಲಿನ ಅವಸರವನ್ನೂ ಸೇರಿಸಿ ಹೊತ್ತವಳು ಹೆಂಡತಿ ಸುಂದರಿ. ಬೆಳಿಗ್ಗೆ ಒಲೆಗೆ ಬೆಂಕಿ ಹಚ್ಚುವಾಗ ಅವಳ ಬಾಯಿ ಶುರುವಾದರೆ ರಾತ್ರಿ ದೀಪ ಆರಿಸುವವರೆಗೆ ನಿಲ್ಲುತ್ತಿರಲಿಲ್ಲ. ಹೆಂಚು ಒಡೆದದ್ದು, ಪಂಪು ಕೆಟ್ಟದ್ದು, ಹಿತ್ತಿಲ ಬೇಲಿ ಬಿದ್ದದ್ದು, ಯಾವುದೂ ಬಿಟ್ಟುಹೋಗುತ್ತಿರಲಿಲ್ಲ. ಹೊನ್ನಯ್ಯ "ಆಯ್ತು ಮಾರಾಯ್ತಿ, ಮಾಡುವ" ಅನ್ನುತ್ತಿದ್ದ. ಮಾಡುತ್ತಿರಲಿಲ್ಲ. ಮದುವೆಯಾದಂದಿನಿಂದ ಸಂಸಾರ ಹೀಗೆಯೇ ಸುಖವಾಗಿ ನಡೆದುಬಂದಿತ್ತು.

ಎರಡು ಸಾವಿರದ ಹದಿನಾಲ್ಕರಲ್ಲಿ ಮಗಳು ನಮಿತಾಳಿಗೆ ಒಂದು ಸಂಬಂಧ ಬಂತು. ನಮಿತಾ ಮಂಗಳೂರಿನಲ್ಲಿ ನರ್ಸು. ಹಿಂದೆ ಬಂದ ಒಂದು ಗಂಡಿನವರು ಎಲ್ಲ ಒಪ್ಪಿ, ಕೊನೆಗೆ "ಹುಡುಗಿಯ ತಾಯಿಯ ಬಾಯಿ ಸ್ವಲ್ಪ ಜೋರು" ಎಂದು ಕೈಬಿಟ್ಟಿದ್ದರು. ಅದು ಸುಂದರಿಗೆ ನಾಟಿತ್ತು. ಹಾಗಾಗಿ ಈ ಸಲ ಪೆರ್ಲದ ಪುರುಷೋತ್ತಮನವರು ಮಗ ಸುಜನನನ್ನು ಕರೆದುಕೊಂಡು ಹುಡುಗಿ ನೋಡಲು ಬರುತ್ತಾರೆಂದಾಗ ಅವಳೇ ದೇವರ ಮುಂದೆ ಹೇಳಿಕೊಂಡಳು, ಅವರು ಬಂದು ಹೋಗುವವರೆಗೆ ಯಾರಿಗೂ ಒಂದು ಬಿರುಸು ಮಾತು ಆಡುವುದಿಲ್ಲ ಎಂದು.

ಆ ಬೆಳಿಗ್ಗೆ ಹೊನ್ನಯ್ಯ ಬಿಳಿ ಮುಂಡು ಉಟ್ಟು ಬಾವಿಯ ಹತ್ತಿರದ ತೆಂಗಿನಮರದ ಬುಡದಲ್ಲಿ ಬೋಜನಿಗೆ ಕಾಯುತ್ತಿದ್ದ. ಬೋಜ ಮರ ಹತ್ತುವವನು. ನೆಂಟರಿಗೆ ಕುಡಿಯಲು ಎಳನೀರಿನ ಬೊಂಡ ಇಳಿಸಿಕೊಡಬೇಕಿತ್ತು. ಅಷ್ಟರಲ್ಲಿ ಬಿದ್ದ ಬೇಲಿಯ ಸಂದಿನಿಂದ ಒಂದು ಕಾಡುಹಂದಿ ಮರಗೆಣಸಿನ ಗಿಡಗಳನ್ನು ಮುರಿದುಕೊಂಡು ನೇರ ಅವನ ಕಡೆಗೇ ನುಗ್ಗಿತು.

ಮುಂದೆ ಎಂತ ಆಯಿತೆಂದು ಹೊನ್ನಯ್ಯನಿಗೇ ಗೊತ್ತಿಲ್ಲ. ಹಂದಿ ಅವನನ್ನು ನೋಡಲೂ ಇಲ್ಲ, ಕೊಟ್ಟಿಗೆಯ ಹಿಂದಿನಿಂದ ಎತ್ತಲೋ ಹೋಯಿತು. ಹೊನ್ನಯ್ಯ ಕಣ್ಣು ಬಿಟ್ಟಾಗ ತೆಂಗಿನ ಗರಿ ಅವನ ಕೆನ್ನೆಗೆ ತಾಗುತ್ತಿತ್ತು. ಕೈಕಾಲು ನಾಲ್ಕೂ ಮರವನ್ನು ಅಪ್ಪಿದ್ದವು. ಮುಂಡು ಕೆಳಗೆ ಬಾವಿಕಟ್ಟೆಯ ಮೇಲೆ ಬಿದ್ದಿತ್ತು.

ಎದೆ ಡಬಡಬ ಹೊಡೆದುಕೊಳ್ಳುತ್ತಿತ್ತು. ನಾಲಗೆ ಒಣಗಿ ಅಂಗುಳಕ್ಕೆ ಅಂಟಿತ್ತು. ಕಣ್ಣು ಮಾತ್ರ ಎಂದೂ ಇಲ್ಲದಷ್ಟು ಚುರುಕಾಗಿ, ಒಡೆದ ಹೆಂಚುಗಳು ಒಂದೊಂದಾಗಿ ಕಂಡವು. ಸುಂದರಿ ಹೇಳುತ್ತಿದ್ದದ್ದು ಸರಿಯೇ, ತುಂಬ ಒಡೆದಿದೆ ಅನ್ನಿಸಿತು.

ಬೋಜ ಬಂದು ತಲೆ ಎತ್ತಿ ನೋಡಿದ. "ಹೊನ್ನಯ್ಯಣ್ಣ, ನೀವೇ ಹತ್ತುವುದಾದ್ರೆ ನನಗೆ ಯಾಕೆ ಫೋನ್ ಮಾಡಿದ್ದು?"

"ಹಂದಿ ಬಂದು ಹತ್ತಿದ್ದು. ಇಳಿಸು ಮಾರಾಯ!"

ಬೋಜ ಹತ್ತಿ ಕಾಲು ಮುಟ್ಟಿದ್ದೇ ಹೊನ್ನಯ್ಯ ಅವನ ಮೂಗಿಗೆ ಒದ್ದ. ಬೇಕೆಂದು ಒದ್ದದ್ದಲ್ಲ, ಕಾಲೇ ಒದ್ದಿತು. ಮೂಗು ಹಿಡಿದುಕೊಂಡು ಇಳಿದ ಬೋಜ ಒಂದು ಉಪಾಯ ತೆಗೆದ. ಹೆದರಿ ಹತ್ತಿದವರು ಹೆದರಿದರೆ ಇಳಿಯಬೇಕಲ್ಲ? "ಹಂದಿ ಬಂತು, ಹಂದಿ!" ಎಂದು ಬೊಬ್ಬೆ ಹಾಕಿದ. ಹೊನ್ನಯ್ಯ ಇನ್ನೂ ಒಂದು ಮೊಳ ಮೇಲೆ ಹೋಗಿ ಎಳನೀರ ಗೊನೆಗೆ ತಲೆ ಕೊಟ್ಟು ನಿಂತ.

ಬೊಬ್ಬೆ ಕೇಳಿ ನೆರೆಕರೆಯವರು ಸೇರಿದರು. ಹೊನ್ನಯ್ಯನ ಚಡ್ಡಿ ಗಿರಾಕಿಗಳ ರವಿಕೆಯಲ್ಲಿ ಉಳಿದ ಬಟ್ಟೆಯಿಂದ ಅವನೇ ಹೊಲಿದದ್ದು. "ಅಗೋ, ಎಡಬದಿಯದ್ದು ನನ್ನ ಹಸಿರು ಸಿಲ್ಕ್!" ಎಂದು ಒಬ್ಬಳು ಕೈ ತೋರಿಸಿದಳು. ಬಟ್ಟೆ ಸಾಲಲಿಲ್ಲ ಎಂದು ಅವಳಿಗೆ ತೋಳು ಗಿಡ್ಡ ಹೊಲಿದಿದ್ದ.

ನಮಿತಾ ಸೀರೆಯ ನೆರಿಗೆ ಎತ್ತಿಕೊಂಡು ಓಡಿಬಂದಳು. "ಯಾರೂ ಹೆದರಿಸ್ಬೇಡಿ! ಕಿಡ್ನಿಯ ಮೇಲೆ ಟೊಪ್ಪಿಯ ಹಾಗೆ ಎರಡು ಗ್ರಂಥಿ ಉಂಟು. ಹೆದರಿದ ಕೂಡ್ಲೆ ಮಿದುಳು ನರದಲ್ಲಿ ಅದಕ್ಕೆ ಸುದ್ದಿ ಮುಟ್ಟಿಸ್ತದೆ, ಅದು ರಕ್ತಕ್ಕೆ ಅಡ್ರಿನಲಿನ್ ಬಿಡ್ತದೆ. ಅಪ್ಪನನ್ನು ಹತ್ತಿಸಿದ್ದು ಅದೇ, ಕೈ ಬಿಡದ ಹಾಗೆ ಬಿಗಿದದ್ದೂ ಅದೇ. ಅದು ಇಳಿದ್ರೆ ಅಪ್ಪ ಇಳಿತಾರೆ."

ಇದನ್ನು ಹೊನ್ನಯ್ಯ ಮೇಲಿನಿಂದಲೇ ಕೇಳಿಸಿಕೊಂಡ. ಕೊಟ್ಟ ಆರ್ಡರನ್ನು ಕ್ಷಣದಲ್ಲಿ ಮುಗಿಸುವವನೊಬ್ಬ ತನ್ನ ಹೊಟ್ಟೆಯೊಳಗೇ ಇಷ್ಟು ವರ್ಷ ಕೂತಿದ್ದನೆಂದು ಆಶ್ಚರ್ಯವಾಯಿತು. ಆದರೆ ತೋಳು ನಡುಗಲು ತೊಡಗಿತ್ತು. ಕರೆದರೂ ಫಯರ್ ಫೋರ್ಸಿನವರು ಕಾಸರಗೋಡಿನಿಂದ ಬರಬೇಕು. ಅಷ್ಟು ಹೊತ್ತು ಈ ಕೈ ನಿಂತೀತೇ? ಬಿದ್ದರೆ ಕೆಳಗೆ ಬಾವಿಕಟ್ಟೆ. ಹುಡುಗಿ ನೋಡಲು ಬಂದವರು ಹೆಣ ನೋಡಿ ಹೋಗಬೇಕಾದೀತು.

ಅಷ್ಟರಲ್ಲಿ ಅಂಗಳಕ್ಕೆ ಕಾರು ಬಂತು. ಪುರುಷೋತ್ತಮನವರು ಇಳಿದು ಮನೆ ನೋಡಿದರು, ಜನ ನೋಡಿದರು, ಎಲ್ಲರೂ ನೋಡುತ್ತಿದ್ದ ಕಡೆ ತಾವೂ ನೋಡಿದರು.

"ನಮಸ್ಕಾರ," ಅಂದ ಹೊನ್ನಯ್ಯ. ಕೈ ಮುಗಿಯಲು ಆಗಲಿಲ್ಲ.

"ನಮಸ್ಕಾರ. ನೀವು ಹುಡುಗಿಯ...?"

"ತಂದೆ."

ಯಾರೋ ಚಾವಡಿಯಲ್ಲಿ ನೆಂಟರಿಗೆಂದು ಹಾಸಿದ್ದ ಜಮಖಾನವನ್ನು ಎಳೆದು ತಂದರು. ಮರದ ಬುಡದಲ್ಲಿ ಅದನ್ನು ಬಿಡಿಸಿ ಹಿಡಿಯಲು ಜನ ಸಾಲದೆ, ಒಂದು ಮೂಲೆ ಪುರುಷೋತ್ತಮನವರ ಕೈಗೆ ಬಂತು, ಇನ್ನೊಂದು ಸುಜನನ ಕೈಗೆ. ಎದುರಿನ ಮೂಲೆ ಹಿಡಿದವಳು ನಮಿತಾ. ಹುಡುಗ ಹುಡುಗಿ ಒಬ್ಬರನ್ನೊಬ್ಬರು ನೋಡುವ ಶಾಸ್ತ್ರ ಹಾಗೆ ಮುಗಿಯಿತು.

ಸುಂದರಿ ಮಾತ್ರ ಸೆರಗು ಹೊದ್ದು ನಿಂತು, ಬಂದವರಿಗೂ ಕೇಳುವಂತೆ ಗಂಡನ ಕಡೆಗೆ ಜೇನು ಸುರಿಸಿದಳು. "ಹೆದರ್ಬೇಡಿ ನೀವು. ದೇವರಿದ್ದಾರೆ. ನಿಮಗೆ ಎಂತದೂ ಆಗುವುದಿಲ್ಲ."

ಹೊನ್ನಯ್ಯನ ಎದೆ ಧಸಕ್ಕೆಂದಿತು. ಹಂದಿಯನ್ನು ಕಂಡಾಗಲೂ ಹಾಗೆ ಆಗಿರಲಿಲ್ಲ. ಸುಂದರಿ ಹೀಗೆ ಮೆತ್ತಗೆ ಮಾತಾಡಿದ್ದು ಅವನು ಒಂದೇ ಸಲ ಕೇಳಿದ್ದ, ಅವನ ತಾಯಿಯ ಬಾಯಿಗೆ ಕೊನೆಯ ನೀರು ಬಿಡುವಾಗ. ಆಯಿತು, ತನ್ನ ಕಥೆ ಮುಗಿಯಿತು, ಇವಳಿಗೆ ಗೊತ್ತಾಗಿದೆ ಎಂದುಕೊಂಡ. ಕೈಯ ಬೆವರಿಗೆ ಮರ ಜಾರತೊಡಗಿತು.

"ಒಳ್ಳೆಯ ಗಂಡನಲ್ವಾ ನೀವು, ನಿಧಾನಕ್ಕೆ ಇಳೀರಿ..."

ಗರಿಗಳು ಅಲುಗಾಡಿದವು. ನಮಿತಾ ಗಮನಿಸಿದಳು. ಅಮ್ಮ ಒಂದು ಸವಿಮಾತು ಆಡಿದ ಹಾಗೆಲ್ಲ ಮರ ನಡುಗುತ್ತಿತ್ತು.

"ಅಮ್ಮಾ, ಬೈಯಿ."

"ಎಂತ?"

"ಅಪ್ಪನಿಗೆ ಬೈಯಿ. ದಿನಾ ಬೈದ ಹಾಗೆ ಬೈಯಿ! ಎದೆಗೆ 'ನಿಧಾನ' ಅಂತ ಹೇಳುವ ನರವೂ ಒಂದು ಉಂಟು. ದಿನಾ ಕೇಳುವ ಸ್ವರ ಕೇಳಿದ್ರೆ ಅದು ಎದ್ದೀತು."

ಸುಂದರಿ ಪುರುಷೋತ್ತಮನವರನ್ನು ನೋಡಿದಳು. ಮಗಳ ಮುಖ ನೋಡಿದಳು. "ಅವರ ಎದುರು ಹೇಗೆ ಮಗಾ? ಇದೂ ತಪ್ಪಿ ಹೋದ್ರೆ?" ಅಂದಳು.

"ಸಂಬಂಧ ಇನ್ನೊಂದು ಬಂದೀತು. ಅಪ್ಪ ಇನ್ನೊಬ್ಬ ಬರುವುದಿಲ್ಲ."

ಸುಂದರಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು.

"ಏ ಮನುಷ್ಯಾ! ಎಂತ ಅಂತ ಹತ್ತಿ ಕೂತದ್ದು ಅಲ್ಲಿ? ಬೇಲಿ ಕಟ್ಟಿ ಬೇಲಿ ಕಟ್ಟಿ ಅಂತ ಬಡ್ಕೊಂಡೆ, ಕಟ್ಟಿದ್ರಾ? ಕಟ್ಟಿದ್ರೆ ಹಂದಿ ಬರ್ತಿತ್ತಾ? ಪಂಪು ಕೆಟ್ಟು ವರ್ಷ ಆಯ್ತು, ನೀರು ಸೇದ್ಲಿಕ್ಕೆ ನಿಮ್ಮ ಅಜ್ಜ ಬರ್ತಾರಾ? ಊರವರ ರವಿಕೆಯಲ್ಲಿ ಚಡ್ಡಿ ಹೊಲಿದು ಆಕಾಶದಲ್ಲಿ ಪ್ರದರ್ಶನ ಬೇರೆ! ನಾಚಿಕೆ ಉಂಟಾ ನಿಮಗೆ?"

ಆ ಸ್ವರ ಕಿವಿಗೆ ಬಿದ್ದದ್ದೇ ಹೊನ್ನಯ್ಯನ ಒಳಗೆ ಏನೋ ಸಡಿಲವಾಯಿತು. ಲೋಕ ಎಂದಿನ ಜಾಗಕ್ಕೆ ಬಂದು ಕೂತಿತು. ಇವಳು ಬೈಯುತ್ತಿದ್ದಾಳೆ ಅಂದ ಮೇಲೆ ತಾನು ಸಾಯುವುದಿಲ್ಲ. ಎದೆಯ ಹೊಡೆತ ಇಳಿಯಿತು. ಬಾಯಲ್ಲಿ ನೀರೂರಿತು. ಬೆಳಿಗ್ಗೆಯಿಂದ ಸತ್ತಂತಿದ್ದ ಹೊಟ್ಟೆ ಗುರ್ ಎಂದಿತು. ಕೆಳಗಿನಿಂದ ನೆಂಟರಿಗೆಂದು ಕರಿದಿಟ್ಟ ಗೋಳಿಬಜೆಯ ಪರಿಮಳವೂ ಬಂತು.

"ಆಯ್ತು ಮಾರಾಯ್ತಿ, ಕಟ್ಟುವ," ಎಂದ.

"ಯಾವಾಗ?"

"ನಾಳೆ."

ಹಾಗೆನ್ನುವಾಗ ಅವನ ಒಂದು ಕೈ ಮರ ಬಿಟ್ಟಿತ್ತು. ಬೋಜ ಈ ಸಲ ಮೂಗಿಗೆ ಹೆಗಲ ಬೈರಾಸು ಸುತ್ತಿಕೊಂಡು ಹತ್ತಿ, ಅವನ ಒಂದೊಂದೇ ಕಾಲನ್ನು ಹತ್ತಲೆಂದು ಮರದಲ್ಲಿ ಕಡಿದ ಕೆಳಗಿನ ಕಚ್ಚಿಗೆ ಇಟ್ಟುಕೊಟ್ಟ. ಹೊನ್ನಯ್ಯ ನಿಂತಲ್ಲೆಲ್ಲ ಸುಂದರಿ ಹೊಸ ವಿಷಯ ಎತ್ತಿದಳು. ಹೆಂಚಿನ ಸುದ್ದಿ ಮುಗಿಯುವಾಗ ಅವನ ಕಾಲು ನೆಲ ಮುಟ್ಟಿತು. ಯಾರೋ ಮುಂಡು ಕೊಟ್ಟರು.

ಪುರುಷೋತ್ತಮನವರು ಜಮಖಾನದ ಮೂಲೆಯನ್ನು ಇನ್ನೂ ಹಿಡಿದೇ ನಿಂತಿದ್ದರು. ಆಮೇಲೆ ಅದನ್ನು ಜಾಗ್ರತೆಯಿಂದ ಮಡಚಿ ಹೇಳಿದರು, "ಬಂದವರಿಗೆ ಇಷ್ಟು ಹೊತ್ತಾದ್ರೂ ಬೆಲ್ಲ ನೀರು ಕೊಡುವ ಕ್ರಮ ಇಲ್ವಾ ನಿಮ್ಮಲ್ಲಿ? ಕೂತು ಮಾತಾಡ್ಬೇಕಷ್ಟೆ?"

ಸಂಬಂಧ ತಪ್ಪಿರಲಿಲ್ಲ. ನಮಿತಾ ನಕ್ಕು ಒಳಗೆ ಓಡಿದಳು. ಸುಂದರಿಯೂ ಹಿಂದೆ ಹೋಗಬೇಕಿತ್ತು. ಹೋಗಲಿಲ್ಲ. ಬಾವಿಕಟ್ಟೆಯ ಹತ್ತಿರ ಕುಸಿದು ಕೂತಿದ್ದಳು. ಕೈ ಗಡಗಡ ನಡುಗುತ್ತಿತ್ತು, ಹಲ್ಲು ಕಟಕಟ ಅನ್ನುತ್ತಿತ್ತು. ಬಾಯಿ ತೆರೆದಳು, ಸ್ವರ ಬರಲಿಲ್ಲ. ಬೈಯುವಾಗ ಅದುಮಿಟ್ಟ ಹೆದರಿಕೆಯೆಲ್ಲ ಈಗ ಒಟ್ಟಿಗೆ ಹೊರಗೆ ಬಂದಿತ್ತು.

ಹೊನ್ನಯ್ಯ ಅವಳ ಪಕ್ಕದಲ್ಲಿ ಕೂತ. ಬೆನ್ನು ಸವರಿದ. ನೀರು ಕುಡಿಸಲು ನೋಡಿದ. ನಡುಕ ನಿಲ್ಲಲಿಲ್ಲ. ಜೀವನದಲ್ಲಿ ಎರಡನೆಯ ಸಲ ಅವನಿಗೆ ಅವಸರವಾಯಿತು. ಹೆಂಡತಿಗೆ ಒಂದು ಬಿರುಸು ಮಾತು ಆಡಿ ಅವನಿಗೆ ರೂಢಿಯಿಲ್ಲ. ಆದರೂ ಎದ್ದು ನಿಂತು, ಸೊಂಟಕ್ಕೆ ಕೈಯಿಟ್ಟು, ಗೊತ್ತಿದ್ದ ಒಂದೇ ಪಾಠವನ್ನು ಒಪ್ಪಿಸತೊಡಗಿದ.

"ಎಂತ ಅಂತ ಕೂತದ್ದು ಇಲ್ಲಿ? ನೆಂಟರಿಗೆ ನೀರು ಸೇದ್ಲಿಕ್ಕೆ ನಿನ್ನ ಅಜ್ಜ ಬರ್ತಾರಾ? ನಾಚಿಕೆ ಉಂಟಾ ನಿನಗೆ?"

ಅವನ ಕಣ್ಣಿನಿಂದ ನೀರು ಇಳಿಯುತ್ತಿತ್ತು. ಸುಂದರಿ ತಲೆ ಎತ್ತಿ ಅವನನ್ನೇ ನೋಡಿದಳು. ಸ್ವಲ್ಪ ಹೊತ್ತಿನಲ್ಲಿ ಅವಳ ಕೈ ನಿಂತಿತು.

"ಆಯ್ತು ಮಾರಾಯ್ರೆ," ಅಂದಳು, "ಸೇದುವ."