ಬಾಗಿಲ ಹಿಂದಿನ ಎಲೆಗಳು

ತುಮಕೂರಿನ ಮನೋವೈದ್ಯೆ ಶುಗರ್, ಬಿ.ಪಿ. ಕೇಳಿದಷ್ಟೇ ಸಲೀಸಾಗಿ ಕೇಳಿದರು: "ನಿಮ್ಮ ಮನೇಲಿ ಯಾರಾದ್ರೂ ಆತ್ಮಹತ್ಯೆ ಮಾಡ್ಕೊಂಡಿದ್ದಾರಾ? ಇದು ಸ್ವಲ್ಪ ರಕ್ತದಲ್ಲೂ ಬರುತ್ತೆ, ಅದಕ್ಕೆ ಕೇಳ್ತಿದೀನಿ." ನನಗೆ ಸಿಟ್ಟು ಬಂತು. ನಿದ್ದೆ ಬರುತ್ತಿಲ್ಲವೆಂದು ಮಾತ್ರೆ ಕೇಳಲು ಹೋದವಳಿಗೆ ವಂಶಾವಳಿ ಯಾಕೆ? "ಇಲ್ಲ. ನಮ್ಮ ಕಡೆ ಎಲ್ಲ ಹಾರ್ಟು," ಎಂದೆ.

ಬೇಕೆಂದು ಹೇಳಿದ ಸುಳ್ಳಲ್ಲ ಅದು. ನನಗೆ ಐದು ವರ್ಷವಾಗಿದ್ದಾಗ ಅಪ್ಪ ತೀರಿಕೊಂಡರು. ಅಮ್ಮ ನನ್ನನ್ನು ಕುಣಿಗಲ್‌ನ ತನ್ನ ತವರಿಗೆ ಕರೆದೊಯ್ದು, ಹಾರ್ಟ್ ಅಟ್ಯಾಕ್ ಎಂದಳು. ಗುಬ್ಬಿ ಹತ್ತಿರದ ಅಪ್ಪನ ಮನೆಗೆ ಮತ್ತೆ ಕಳಿಸಲೇ ಇಲ್ಲ. ಅಮ್ಮನೂ ತೀರಿಕೊಂಡ ಮೇಲೆ, ಆ ವೈದ್ಯೆಯನ್ನು ಕಂಡ ಕೆಲವೇ ದಿನಕ್ಕೆ, ಹೋದ ವರ್ಷದ ಹಿರಿಯರ ಹಬ್ಬಕ್ಕೆ, ನಾನಾಗಿಯೇ ಅಲ್ಲಿಗೆ ಹೊರಟೆ.

ಬ್ಯಾಗಿನಲ್ಲಿ ಅಪ್ಪನ ಅಣ್ಣನ ಹೆಂಡತಿ ದೊಡ್ಡಮ್ಮನಿಗೆಂದು ನನ್ನ ಮದುವೆಯ ರೇಷ್ಮೆ ಸೀರೆ ಇತ್ತು. ಒಂದು ತಿಂಗಳಿಂದ ನನಗೆ ಕೊಡುವ ಹುಚ್ಚು ಹಿಡಿದಿತ್ತು. ಕಿವಿಯೋಲೆ ನಾದಿನಿಗೆ ಹೋಯಿತು, ಹೊಲಿಗೆ ಮೆಷಿನ್ ತುಮಕೂರು ಶೆಟ್ಟಿಹಳ್ಳಿಯ ನಮ್ಮ ಪಕ್ಕದ ಮನೆಗೆ. "ಕರ್ಣನ ವಂಶದವಳು ನೀನು," ಎಂದು ಯಜಮಾನರು ರೇಗಿಸುತ್ತಿದ್ದರು. ಒಂದೊಂದು ಕೊಟ್ಟಾಗಲೂ ಎದೆ ಹಗುರಾಗುತ್ತಿತ್ತು. ಅದನ್ನು ನಾನು ಒಳ್ಳೆಯತನ ಎಂದುಕೊಂಡಿದ್ದೆ.

ಮಧ್ಯಾಹ್ನ ನಡುಮನೆಯಲ್ಲಿ ಎಡೆ ಇಟ್ಟರು. ಗೋಡೆಯುದ್ದಕ್ಕೂ ಬಾಳೆಎಲೆ, ತೀರಿಕೊಂಡ ಒಬ್ಬೊಬ್ಬರಿಗೂ ಒಂದೊಂದು, ಅದರ ಮೇಲೆ ಅವರಿಗೆ ಇಷ್ಟವಾದ ಅಡುಗೆ. ಒಬ್ಬೊಬ್ಬರ ಹೆಸರು ಹೇಳಿ ಬಡಿಸಿದರು; ಅಪ್ಪನ ಎಲೆ ಸಾಲಿನಲ್ಲಿರಲಿಲ್ಲ. ಬಾಗಿಲ ಹಿಂದಿನ ಕತ್ತಲಲ್ಲಿ ಎರಡು ಎಲೆ ಬೇರೆ ಇದ್ದವು. ಪಕ್ಕದಲ್ಲಿ ಇನ್ನೊಂದು ಎಲೆಯಷ್ಟು ಜಾಗ ಖಾಲಿ.

"ಇವು ಯಾರ್ದು ದೊಡ್ಡಮ್ಮ?"

"ಸುಮ್ಕಿರು. ಈಗ ಮಾತಾಡ್ಬಾರ್ದು."

ಹಿರಿಯರು ಬಂದು ಉಣ್ಣಲೆಂದು ಬಾಗಿಲು ಹಾಕಿ ಎಲ್ಲರೂ ಜಗುಲಿಯಲ್ಲಿ ಕೂತೆವು. ಒಳಗೆ ಯಾರೂ ಇರಲಿಲ್ಲ. ಆದರೂ ಬಾಗಿಲ ಹಿಂದೆ ಎಲೆ ಸರಿದ ಸದ್ದಾಯಿತು. ಇಲಿ ಇರಬೇಕು.

ಸುಮ್ಮನೆ ಕೂರಲಾಗದೆ ಸೀರೆ ತೆಗೆದು ದೊಡ್ಡಮ್ಮನ ಮಡಿಲಲ್ಲಿಟ್ಟೆ. "ಇಟ್ಕೊ ದೊಡ್ಡಮ್ಮ. ನಂಗಿನ್ನ್ ಯಾಕ್ ಬೇಕು?"

ಅವಳು ಸೀರೆ ಮುಟ್ಟದೆ ನನ್ನ ಮುಖ ನೋಡಿದಳು. "ನಿಮ್ಮಪ್ಪನೂ ಇಲ್ಲೇ ಕೂತ್ಕೊಂಡು ವಾಚ್ ಬಿಚ್ಚಿ ಕೊಟ್ಟ ಕಣವ್ವ. ಇದೇ ಮಾತು ಅಂದ. ನಗ್ತಾನೇ ಇದ್ದ. ವಾರದಲ್ಲಿ ಜೀವ ಕಳ್ಕೊಂಡ. ಅದಕ್ಕೂ ಮುಂಚೆ ಮಾವ್ನೋರು, ನಿಮ್ಮ ತಾತ, ಹಂಗೇಯ. ಇದ್ದ ಒಂದ್ ಶಾಲು ಆಳಿಗೆ ಹೊದಿಸ್ಬುಟ್ಟು ಹೋದ್ರು. ಹಾರ್ಟು ಅಂತ ನಾವೇ ಊರಿಗೆಲ್ಲ ಹೇಳಿದ್ದು. ಅದಕ್ಕೇಯ ಅವ್ರಿಬ್ರ ಎಲೆ ಬಾಗ್ಲ ಹಿಂದೆ."

ನಾನೆಂದೂ ಕೇಳಿರದ ಅಪ್ಪನ ಮಾತನ್ನು ನನ್ನ ಬಾಯಿ ಆಡಿಬಿಟ್ಟಿತ್ತು. ಆ ತಿಂಗಳಲ್ಲಿ ಮೊದಲ ಸಲ ನನಗೆ ನನ್ನ ಬಗ್ಗೆಯೇ ಭಯವಾಯಿತು.

ದೊಡ್ಡಮ್ಮ ಸೀರೆಯನ್ನು ನನ್ನ ಮಡಿಲಿಗೇ ಹಾಕಿದಳು. "ಬರೋ ವರ್ಸ ಇದ್ನೇ ಉಟ್ಕೊಂಡ್ ಬಾ. ಬರ್ದಿದ್ರೆ ನಾನೇ ತುಮಕೂರಿಗೆ ಬಂದು ಎಳ್ಕೊಂಡ್ ಬತ್ತೀನಿ."

ಮಾರನೆಯ ದಿನವೇ ವೈದ್ಯೆಯ ಮುಂದೆ ಕೂತು, "ಹೋದ್ಸಲ ತಪ್ಪು ಹೇಳಿದ್ದೆ. ಇಬ್ಬರಿದ್ದಾರೆ. ಮೂರನೆಯವಳು ನಾನಾಗ್ಬಾರ್ದು," ಎಂದು ಅತ್ತುಬಿಟ್ಟೆ. "ರಕ್ತದಲ್ಲಿ ಬರೋದು ಅಪಾಯ ಮಾತ್ರ, ಸಾವಲ್ಲ. ಇದಕ್ಕೆ ಚಿಕಿತ್ಸೆ ಇದೆ," ಎಂದು ಅವರು ಯಜಮಾನರನ್ನೂ ಒಳಗೆ ಕರೆದರು. ವಾರಗಳೇ ಹಿಡಿದವು. ಆಮೇಲೆ ನಿದ್ದೆ ಬಂತು.

ಈ ವರ್ಷ ಅದೇ ಸೀರೆ ಉಟ್ಟು ಹೋದೆ. ಬಾಗಿಲ ಹಿಂದಿನ ಎರಡೂ ಎಲೆಗಳನ್ನು ನಾನೇ ತಂದು ಸಾಲಿಗೆ ಸೇರಿಸಿದೆ. ದೊಡ್ಡಮ್ಮ ಬೇಡವೆನ್ನಲಿಲ್ಲ. ಸಂಜೆ ಹೊರಡುವವರೆಗೂ ನನ್ನ ಕೈಗಳನ್ನೇ ನೋಡುತ್ತಿದ್ದಳು, ಯಾರಿಗಾದರೂ ಏನಾದರೂ ಕೊಡುತ್ತೇನೇನೋ ಎಂದು.